ಏನನ್ನೋ ಬಚ್ಚಿಟ್ಟುಕೊಂಡವರು

ಪವನ್ ಕುಮಾರ್ ಅವರ ‘ಯು ಟರ್ನ್’ ಚಿತ್ರದಲ್ಲಿ ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ಮೇಲೆ ಕೂತಿರುವ ಒಬ್ಬ ಮನುಷ್ಯನಿದ್ದಾನೆ. ಮನೆಮಠ ಇಲ್ಲದವನು. ರಸ್ತೆ ನಡುವಿನ ಕಲ್ಲುಗಳನ್ನು ಸರಿಸಿ, ಅಡ್ಡದಾರಿಯಲ್ಲಿ ಗಾಡಿ ತಿರುಗಿಸಿಕೊಂಡು ಹೋಗುವವರ ನಂಬರುಗಳನ್ನು ಬರೆದಿಟ್ಟುಕೊಳ್ಳುವುದು ಅವನ ಕೆಲಸ. ಪತ್ರಿಕೆಯೊಂದರಲ್ಲಿ ತರಬೇತಿಗೆ ಸೇರಿರುವ ರಚನಾ ಬಂದು ಕಾಸು ಕೊಟ್ಟು ಆ ಚೀಟಿ ಇಸಿದುಕೊಳ್ಳುತ್ತಾಳೆ. 2016ರ ಆ ಚಿತ್ರವನ್ನು ಮತ್ತೆ ಮತ್ತೆ ನೋಡುವಾಗ ನನ್ನ ಕಣ್ಣು ನಿಲ್ಲುವುದು ಆ ಚೀಟಿಯ ಮೇಲೆ. ಬರೆದವನಿಗೆ ಅದು ಅಂದಿನ ಊಟ, ಹುಡುಗಿಗೆ ಒಂದು ಸಣ್ಣ ವರದಿಯ ಸರಕು. ಪೊಲೀಸರ ಕೈ ಸೇರಿದ ಮೇಲೆ ಅದೇ ಸಾಕ್ಷ್ಯವಾಗುತ್ತದೆ, ನಮಗೆ ಎದೆನಡುಕವಾಗುತ್ತದೆ. ಕಥೆಯ ದೊಡ್ಡ ತಿರುವುಗಳನ್ನು ಯಾರಾದರೂ ಹೇಳಿಬಿಟ್ಟರೆ ಅವುಗಳ ಬಿಸಿ ಆರಿಹೋಗುತ್ತದೆ. ಈ ಬಡಪಾಯಿ ಮಾತ್ರ ಎಷ್ಟನೆಯ ಸಲಕ್ಕೂ ಹೊಸಬನಾಗಿಯೇ ಕೂತಿರುತ್ತಾನೆ.

ಕಾಲೇಜು ಹುಡುಗ ಹುಡುಗಿಯರು ಸೇರಿ ಥ್ರಿಲರ್ ಮಾಡಲು ಹೊರಟಾಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬೀಳುವುದು ಸಾಮಾನ್ಯವಾಗಿ ಕ್ಲೈಮ್ಯಾಕ್ಸು. ಕೊಂದವರು ಯಾರು, ಯಾವ ಗಳಿಗೆಯಲ್ಲಿ ಗೊತ್ತಾಗಬೇಕು ಎಂಬ ಲೆಕ್ಕಾಚಾರ. ಪಾತ್ರಗಳು ಆ ಲೆಕ್ಕಕ್ಕೆ ಬೇಕಾದಂತೆ ಆಮೇಲೆ ಬಂದು ಸೇರುತ್ತವೆ: ಒಬ್ಬ ಇನ್‌ಸ್ಪೆಕ್ಟರ್, ಒಬ್ಬ ಗೆಳೆಯ, ಕಪ್ಪು ಜಾಕೆಟ್ಟಿನ ಅನಾಮಿಕ. ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಗಾಢವಾದ ಆಸೆ. ಭರತನ ನಾಟ್ಯಶಾಸ್ತ್ರ ಎಣಿಸುವ 33 ಸಂಚಾರಿಭಾವಗಳಲ್ಲಿ ಶಂಕೆ, ತ್ರಾಸ, ವಿತರ್ಕ ಇವೆ. ಅವುಗಳ ನಡುವೆಯೇ ಅವಹಿತ್ಥವೂ ಇದೆ. ಮನಸ್ಸಿನಲ್ಲಿರುವುದು ಮುಖಕ್ಕೆ ಬಾರದಂತೆ ತಡೆದುಕೊಳ್ಳುವ ಸ್ಥಿತಿ ಅದು. ಮಾತು ಬದಲಿಸುವುದು, ಸುಮ್ಮನೆ ಬೇರೆ ಕಡೆ ನೋಡುವುದು, ಇಲ್ಲದ ಧೈರ್ಯ ತೋರಿಸುವುದು ಇವೆಲ್ಲ ಅದರ ಗುರುತುಗಳು. ಪತ್ತೇದಾರಿ ಸಿನಿಮಾದ ಜೀವವೇ ಇದು. ಕೊಲೆಗಾರನೊಬ್ಬನಿಗೇ ಅದು ಮೀಸಲಲ್ಲ. ಹಾಲು ತರಲು ಹೋದ ತಾಯಿ, ಹಾಜರಿ ಕರೆಯುವ ಮೇಷ್ಟ್ರು, ಚಹಾದಂಗಡಿಯ ಅಣ್ಣ, ಎಲ್ಲರೂ ತಮ್ಮ ತಮ್ಮ ಪ್ರಮಾಣದಲ್ಲಿ ಏನನ್ನಾದರೂ ಬಚ್ಚಿಟ್ಟುಕೊಂಡಿದ್ದರೆ ಚಿತ್ರದ ಪ್ರತಿಯೊಂದು ಮುಖವೂ ನೋಡುವಂತಾಗುತ್ತದೆ.

ಹೇಮಂತ್ ರಾವ್ ಅವರ ‘ಕವಲುದಾರಿ’ (2019) ಈ ವಿಷಯದಲ್ಲಿ ಒಂದು ರುಚಿಕಟ್ಟಾದ ಪಾಠ. ಅದರ ನಾಯಕ ಶ್ಯಾಮ್ ಟ್ರಾಫಿಕ್ ಪೊಲೀಸ್. ಮನಸ್ಸೆಲ್ಲ ಅಪರಾಧ ವಿಭಾಗದ ಮೇಲೆ, ಕೈಯಲ್ಲಿರುವುದು ಸಿಗ್ನಲ್ಲು. ಮೆಟ್ರೊ ಅಗೆತದಲ್ಲಿ ಮೂಳೆಗಳು ಸಿಕ್ಕಾಗ ಅವನು ಅದರ ಬೆನ್ನು ಹತ್ತುವುದಕ್ಕೆ ಯಾವ ಆದೇಶವೂ ಇಲ್ಲ, ಒಳಗಿನ ಹಸಿವು ಮಾತ್ರ. ಆ ಹಸಿವನ್ನು ಮೊದಲೇ ಬಿತ್ತಿದ್ದರಿಂದ ಮುಂದಿನ ತನಿಖೆಗೆ ನೆಪಗಳೇ ಬೇಕಾಗಲಿಲ್ಲ. ಇನ್ನು ಸುನಿಲ್ ಕುಮಾರ್ ದೇಸಾಯಿ 1993ರ ‘ನಿಷ್ಕರ್ಷ’ದಲ್ಲಿ ಬ್ಯಾಂಕ್ ದರೋಡೆಕೋರನ ಪಾತ್ರಕ್ಕೆ ಬಿ.ಸಿ. ಪಾಟೀಲರನ್ನು ತಂದರು. ಅವರು ಪೊಲೀಸ್ ಇಲಾಖೆಯಲ್ಲಿ ಇದ್ದವರು. ಆ ನಿಲುವು, ಆ ಗದರುವಿಕೆ ಬಣ್ಣ ಹಚ್ಚಿ ಬರುವಂಥದ್ದಲ್ಲ.

ಇಷ್ಟು ಹೇಳಿ ಬಳ್ಳಾರಿಗೆ ಬರುತ್ತೇನೆ, ಏಕೆಂದರೆ ಪಾತ್ರ ಕಟ್ಟುವ ವಿದ್ಯೆಯ ದೊಡ್ಡ ಮನೆ ಅದು. ಇಂದು ರಾಘವ ಕಲಾಮಂದಿರಕ್ಕೆ ಹೆಸರು ಕೊಟ್ಟಿರುವ ಬಳ್ಳಾರಿ ರಾಘವ (1880–1946) ವೃತ್ತಿಯಿಂದ ವಕೀಲರು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರೂ ವಕೀಲರು; ಇದೇ ಊರಿನಲ್ಲಿ ಸರಸ ವಿನೋದಿನೀ ಸಭಾ ಕಟ್ಟಿ ನಾಟಕ ಬರೆದು ಆಡಿಸಿದವರು. ಅವರಿಗೆ ಎದುರಾಗಿ ಸುಮನೋರಮಾ ಸಭಾ ನಡೆಸಿದ ಕೋಲಾಚಲಂ ಶ್ರೀನಿವಾಸರಾವ್ ಕೂಡ ಕೋರ್ಟಿನವರೇ. ಹಗಲು ಕಟಕಟೆಯ ಮುಂದೆ, ರಾತ್ರಿ ರಂಗದ ಮೇಲೆ. ಬಳ್ಳಾರಿಯ ರಂಗಭೂಮಿಗೆ ಕೋರ್ಟಿನ ನೆರಳು ಇಷ್ಟು ದಟ್ಟವಾಗಿ ಬಿದ್ದದ್ದು ಆಕಸ್ಮಿಕವಿರಬಹುದು, ಆದರೆ ಅದನ್ನು ನೆನೆದಾಗಲೆಲ್ಲ ನನಗೆ ಪುಳಕವಾಗುತ್ತದೆ. ಸಾಕ್ಷಿಯೊಬ್ಬ ಸುಳ್ಳು ಹೇಳುವ ಮುನ್ನ ಉತ್ತರೀಯದ ಅಂಚು ಹಿಡಿದುಕೊಳ್ಳುವುದು, ನಿಜ ಹೇಳುವವನೇ ಹೆಚ್ಚು ತೊದಲುವುದು, ಆರೋಪಿಯ ಹೆಂಡತಿ ಕೋರ್ಟಿನಲ್ಲಿ ಗಂಡನತ್ತ ಒಮ್ಮೆಯೂ ತಿರುಗದೆ ಕೂರುವುದು: ಇಂಥವನ್ನು ದಿನಬೆಳಗಾದರೆ ಕಾಣುವ ವೃತ್ತಿ ಅದು. ಹಾಡಿನ ಅಬ್ಬರ ರಂಗವನ್ನು ಆಳುತ್ತಿದ್ದ ಕಾಲದಲ್ಲಿ ರಾಘವರು ಸಹಜ ಅಭಿನಯವನ್ನು ನೆಚ್ಚಿಕೊಂಡರು, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಲಿ ಎಂದು ಹಟ ಹಿಡಿದರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ನಟಿಸಿದರು. ಕೋಲಾಚಲಂ ಅವರ ವಿಜಯನಗರ ಪತನದ ನಾಟಕದಲ್ಲಿ ಪಠಾಣ ರುಸ್ತುಮನಾಗಿ ಅವರು ಪಡೆದ ಹೆಸರು ಇಂದಿಗೂ ಅಳಿದಿಲ್ಲ. ನಾಯಕನ ಪಾತ್ರವಲ್ಲದ ಒಬ್ಬ ಪಠಾಣ ಊರಿನ ನೆನಪಿನಲ್ಲಿ ಉಳಿದ. ಎರಡನೆಯ ಸಾಲಿನ ಪಾತ್ರಗಳ ಬಗ್ಗೆ ಚಿಂತಿಸುವ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ಭರವಸೆ ಬೇಕೆ?

ಇಲ್ಲಿನ ಹುಡುಗರು ಇವತ್ತು ಒಂದು ಥ್ರಿಲರಿಗೆ ಪಾತ್ರ ಹುಡುಕಿದರೆ ಯಾರು ಯಾರು ಸಿಕ್ಕಾರು ಎಂದು ಕಲ್ಪಿಸಿಕೊಳ್ಳುವುದು ನನಗೆ ಬಲು ಇಷ್ಟದ ಕೆಲಸ. ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು. ಹೊಲಿದ ಪ್ಯಾಂಟುಗಳನ್ನು ತೊಳೆದು ಬಣ್ಣ ಇಳಿಸುವ ವಾಷಿಂಗ್ ಘಟಕದಲ್ಲಿ ದುಡಿಯುವ ಒಬ್ಬ ಯುವಕ ಇರಲಿ. ಎಷ್ಟು ಉಜ್ಜಿದರೂ ಅವನ ಉಗುರಿನ ಸಂದಿಯಲ್ಲಿ ನೀಲಿ ಉಳಿಯುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಕೈಯನ್ನು ಎಲೆಯ ಕೆಳಗೆ ಸರಿಸುವ ಚಾಳಿ ಅವನಿಗೆ ಬಂದಿದೆ. ಅದು ಬರಿಯ ನಾಚಿಕೆ. ಮುಂದೆ ಬಿಳಿ ಸುಣ್ಣದ ಗೋಡೆಯ ಮೇಲೆ ನೀಲಿ ಬೆರಳಿನ ಗುರುತೊಂದು ಕಂಡಾಗ ಪ್ರೇಕ್ಷಕರು ಆ ಊಟದ ಎಲೆಯನ್ನು ನೆನೆದು ತಾವಾಗಿಯೇ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಮೋಸ ಮಾಡಿದ್ದು ನಿರ್ದೇಶಕನಲ್ಲ, ನಮ್ಮದೇ ಅನುಮಾನ.

ಮಾತಿನದೂ ಒಂದು ಸಿರಿ. ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಓಡಾಡುತ್ತವೆ. ಪೇಟೆಯಲ್ಲಿ ಇಡೀ ದಿನ ಸೊಗಸಾದ ಕನ್ನಡ ಆಡುವ ಹೆಂಗಸು ನೋಟು ಎಣಿಸುವಾಗ ಮಾತ್ರ ತುಟಿಯಲ್ಲೇ ‘ಒಕಟಿ, ರೆಂಡು’ ಅನ್ನುತ್ತಾಳೆ. ತಾನು ಯಾವ ಊರಿನವಳೆಂದು ಮರೆಸಿಕೊಂಡು ಬಂದವಳಾಗಿದ್ದರೆ ಅವಳನ್ನು ಹಿಡಿದುಕೊಡಲು ಆ ಎಣಿಕೆ ಸಾಕು. ಬೇರೆ ಊರಿನ ಬರಹಗಾರನಿಗೆ ಇಂಥದ್ದು ಹೊಳೆಯಲಾರದು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಇದು ಅಜ್ಜಿಯ ಬಾಯಲ್ಲೇ ಸಿಕ್ಕ ಆಸ್ತಿ.

ಕುರುಗೋಡು, ಸಿರುಗುಪ್ಪದ ಕಡೆಗೆ ಹೊರಟರೆ ಕಲ್ಲುಗುಡ್ಡಗಳ ನಡುವೆ ಭತ್ತ, ಮೆಣಸಿನಕಾಯಿ. ನೀರು ತುಂಗಭದ್ರೆಯದು, ಬಲದಂಡೆಯ ಕೆಳಮಟ್ಟದ ಕಾಲುವೆ ಈ ಸೀಮೆಯನ್ನು ಹಾದು ಆಂಧ್ರಕ್ಕೆ ಹೋಗುತ್ತದೆ. ಮೇಲಿನವರು ಎತ್ತಿಕೊಂಡರೆ ಕೊನೆ ಭಾಗದ ರೈತರ ಪೈರು ಒಣಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಕೊಂಡು ಹೋದಾಗ ಇಲ್ಲಿನ ಮನೆಮನೆಯಲ್ಲೂ ಹಬ್ಬಿದ ಆತಂಕಕ್ಕಿಂತ ದೊಡ್ಡ ಸಸ್ಪೆನ್ಸನ್ನು ಯಾರು ಬರೆದಾರು? ಥ್ರಿಲರಿಗೆ ವಜ್ರದ ಹಾರ, ಡ್ರಗ್ಸು ಬೇಕೆಂದೇನೂ ಇಲ್ಲ. ರಾತ್ರಿ ಯಾರೋ ತೂಬು ಎತ್ತಿದ್ದಾರೆ, ಬೆಳಿಗ್ಗೆ ಕಾಲುವೆಯಲ್ಲಿ ಒಂದು ಸೈಕಲ್ಲು ಸಿಕ್ಕಿದೆ, ಅಷ್ಟು ಸಾಕು. ಆ ದಂಡೆಯ ಮೇಲೆ ಒಬ್ಬ ವಯಸ್ಸಾದ ನೀರಗಂಟಿಯನ್ನು ನಿಲ್ಲಿಸಿ. ಸಂಜೆ ಹುಡುಗರು ಅತ್ತ ಸುಳಿದಾಗ ಅವನು ಕೇಳುವುದು ಇಷ್ಟೇ: “ಯಾವೂರಪ್ಪಾ ನಿಮ್ದು? ಹೊತ್ತು ಮುಳುಗೈತಿ, ಮನಿ ಕಡಿ ನಡೀರಿ ತಮ್ಮಾ.” ಮೊದಲ ಸಲ ಕೇಳಿದಾಗ ಅದು ಹಿರಿಯನ ಕಾಳಜಿ. ಸೈಕಲ್ಲು ಸಿಕ್ಕಮೇಲೆ ಅದೇ ಮಾತು, ಅದೇ ದನಿ, ಮೈಮೇಲೆ ಮುಳ್ಳೆಬ್ಬಿಸುತ್ತದೆ. ಒಂದಕ್ಷರ ಬದಲಾಗಿಲ್ಲ. ಇಂಥ ಒಂದು ಸಂಭಾಷಣೆ ಸಿಕ್ಕ ದಿನ ಬರೆಯುವವನಿಗೆ ಬೇರೆ ಸಂಪಾದನೆ ಬೇಡ.

ದನಿ ಅಂದಾಗ ಸಂಗನಕಲ್ಲಿನ ಪಕ್ಕದ ಕಪ್ಪಗಲ್ಲು ಗುಡ್ಡ ನೆನಪಾಗುತ್ತದೆ. ನವಶಿಲಾಯುಗದವರು ಕೊರೆದ ಚಿತ್ರಗಳ ಆ ಬಂಡೆಗಳಲ್ಲಿ ಕೆಲವನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ. ಬಡಿದು ಬಡಿದು ಬಿದ್ದ ಕುಳಿಗಳು ಇಂದಿಗೂ ಅಲ್ಲಿವೆ. ಯಾವ ಬಂಡೆ ಮಾತಾಡುತ್ತದೆ, ಯಾವುದು ಮೂಕ ಎಂದು ಬಲ್ಲ ಕುರಿ ಕಾಯುವ ಹುಡುಗಿಯೊಬ್ಬಳು ಚಿತ್ರದಲ್ಲಿದ್ದರೆ ಸಂಗೀತ ನಿರ್ದೇಶಕನ ಅರ್ಧ ಕೆಲಸ ಮುಗಿದಂತೆ.

ವಿದ್ಯಾರ್ಥಿ ಚಿತ್ರವೆಂದರೆ ಕೈಗೂಸು ಎಂದು ಯಾರೂ ಮೂಗು ಮುರಿಯಬಾರದು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಮಾಡಿದ 16 ನಿಮಿಷಗಳ ಕನ್ನಡ ಚಿತ್ರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಕಥೆ ನಮ್ಮ ಅಜ್ಜಿಯರದೇ: ಊರಿನ ಹುಂಜವನ್ನು ಒಬ್ಬ ಮುದುಕಿ ಕದ್ದೊಯ್ಯುತ್ತಾಳೆ, ಊರಿಗೆ ಬೆಳಗಾಗುವುದೇ ಇಲ್ಲ. ಅದನ್ನು ಥ್ರಿಲರ್ ಅನ್ನಲಾಗದು, ಆದರೆ ಕಳವು ಇದೆ, ಕತ್ತಲಿದೆ, ಹುಡುಕಾಟವಿದೆ. ಎಲ್ಲಕ್ಕಿಂತ ಮಿಗಿಲಾಗಿ ಹಟಮಾರಿ ಮುದುಕಿ ಇದ್ದಾಳೆ. ಲೋಕದ ಕತ್ತಲನ್ನೆಲ್ಲ ಅವಳೊಬ್ಬಳ ಕಂಕುಳಿಗೆ ಕಟ್ಟಿದ ಧೈರ್ಯವನ್ನು ಎಷ್ಟು ಮೆಚ್ಚಿದರೂ ಸಾಲದು.

ಪಾತ್ರಗಳ ಪಟ್ಟಿ ಹಾಕುವವರಲ್ಲಿ ನನ್ನದೊಂದು ಕೋರಿಕೆ. ಎತ್ತರ, ವಯಸ್ಸು, ಉದ್ಯೋಗ ಬರೆದುಕೊಂಡ ಮೇಲೆ, ಅಪರಾಧ ನಡೆಯುವ ಹಿಂದಿನ ದಿನ ಪ್ರತಿಯೊಬ್ಬರೂ ಏನು ಮಾಡಿದರು ಎಂಬುದಕ್ಕೆ ಒಂದು ಪುಟ ಕೊಡಿ. ತೆರೆಯ ಮೇಲೆ ಆ ದಿನ ಬರುವುದೇ ಬೇಡ. ಜೀನ್ಸ್ ಯುವಕ ಕೂಲಿ ಬಾಕಿ ಕೇಳಲು ಹೋಗಿ ಬರಿಗೈಲಿ ಬಂದಿರಬಹುದು. ನೋಟು ಎಣಿಸುವ ಹೆಂಗಸು ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಲ್ಲಿ ಆ ಭಾರಿ ನಂದಿಯ ಮುಂದೆ ಬಹಳ ಹೊತ್ತು ಕೂತಿರಬಹುದು. ನೀರಗಂಟಿ ಬಸ್ ಹತ್ತಿ ಸಿರುಗುಪ್ಪಕ್ಕೆ ಹೋಗಿ ಮೊಮ್ಮಗಳಿಗೆ ಚಪ್ಪಲಿ ಕೊಂಡನೋ, ತೂಬಿಗೆ ಇನ್ನೊಂದು ಕೀಲಿ ಮಾಡಿಸಿಕೊಂಡು ಬಂದನೋ, ಅದು ನಿರ್ದೇಶಕನಿಗೂ ಆ ಪಾತ್ರ ಮಾಡುವವನಿಗೂ ಮಾತ್ರ ಗೊತ್ತಿರಲಿ.