ಬೇತಾಳ ಕೇಳದ ಪ್ರಶ್ನೆ

ಉದಯಗಿರಿಯ ನಮ್ಮ ಮನೆಯಲ್ಲಿ ಭಾನುವಾರಗಳಂದು ಆರೇಳು ವಿದ್ಯಾರ್ಥಿಗಳು ಸೇರಿ ನಾಟಕ ಓದುತ್ತಾರೆ. ಕಳೆದ ತಿಂಗಳು ಗಿರೀಶ ಕಾರ್ನಾಡರ ‘ಹಯವದನ’ ಓದಿದೆವು. ಮೊದಲ ಅಂಕ ಮುಗಿದಾಗ ಒಬ್ಬ ಹುಡುಗ, “ಕತೆ ಇಲ್ಲಿಗೇ ನಿಂತಿದ್ರೆ ಚೆನ್ನಾಗಿತ್ತು” ಎಂದ. ಪಕ್ಕದಲ್ಲಿದ್ದ ಹುಡುಗಿ ಒಪ್ಪಲಿಲ್ಲ. ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಬೆಂದ ಅವಳ ಕೈಗೆ ತೊಡೆಯ ಚರ್ಮ ತೆಗೆದು ಹಾಕಿದ್ದಾರೆ. “ಎಲ್ರೂ ಕೈ ಹೇಗಿದೆ ಅಂತ ಕೇಳ್ತಾರೆ ಮೇಡಂ. ಚರ್ಮ ತೆಗೆದ ಜಾಗ ಹೇಗಿದೆ ಅಂತ ಯಾರೂ ಕೇಳಲ್ಲ” ಎಂದಳು. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಾಟಕವನ್ನು ಮತ್ತೆ ಓದಿದೆ.

1971ರ ಈ ನಾಟಕವನ್ನು ನಾವು ಸಾಮಾನ್ಯವಾಗಿ ತಲೆ ಮತ್ತು ದೇಹಗಳ ಜಗಳವಾಗಿ, ಅಪೂರ್ಣತೆಯ ಕತೆಯಾಗಿ ಓದುತ್ತೇವೆ. ಕಾಳಿಯ ಗುಡಿಯಲ್ಲಿ ದೇವದತ್ತ, ಕಪಿಲ ಇಬ್ಬರೂ ತಲೆ ಕಡಿದುಕೊಂಡಿದ್ದಾರೆ. ಅವರನ್ನು ಬದುಕಿಸುವ ವರ ಪಡೆದ ಪದ್ಮಿನಿ ಅವಸರದಲ್ಲಿ ತಲೆಗಳನ್ನು ಅದಲುಬದಲು ಮಾಡುತ್ತಾಳೆ. ಈಗ ಅವಳ ಗಂಡ ಯಾರು? ಬೇತಾಳನ ಮೂಲಕತೆ ಈ ಒಗಟನ್ನು ಒಡ್ಡಿ, ತಲೆಯೇ ಪ್ರಧಾನ ಎಂಬ ಉತ್ತರ ಪಡೆದು ಮುಗಿಯುತ್ತದೆ. ಆಮೇಲೆ ಏನಾಯಿತು ಎಂದು ಬೇತಾಳ ಕೇಳುವುದಿಲ್ಲ. 1940ರಲ್ಲಿ ಥಾಮಸ್ ಮನ್ ತನ್ನ ಜರ್ಮನ್ ಕತೆಯಲ್ಲಿ ಕೇಳಿದ. ಕಾರ್ನಾಡರ ಎರಡನೆಯ ಅಂಕವಿಡೀ ಅದೇ ಪ್ರಶ್ನೆ.

ಜೋಡಣೆ ಯಶಸ್ವಿಯಾಗಿದೆ; ತೊಡಕು ಶುರುವಾಗುವುದೇ ಅಲ್ಲಿಂದ. ದೇವದತ್ತನ ತಲೆ ಹೊತ್ತ ಗಟ್ಟಿ ಮೈ ದಿನದಿನಕ್ಕೆ ಮೆತ್ತಗಾಗುತ್ತದೆ. ಕಾಡು ಸೇರಿದ ಕಪಿಲನ ಮೆತ್ತನೆಯ ಮೈ ದುಡಿದು ದುಡಿದು ಗಟ್ಟಿಯಾಗುತ್ತದೆ. ಆದರೂ ತಾನು ಕಾಣದ ಸ್ಪರ್ಶಗಳ ನೆನಪು ಆ ಮೈಯೊಳಗಿಂದ ಏಳುತ್ತದೆ. ಮೈ ಜೇಡಿಮಣ್ಣಲ್ಲ, ಅದಕ್ಕೆ ತನ್ನದೇ ಹಟವಿದೆ. ಶಸ್ತ್ರವೈದ್ಯರಿಗೆ ಇದು ಹೊಸತಲ್ಲ. ಕಸಿ ಮಾಡಿದ ಚರ್ಮ ಮುದುಡಿ ಗೆಣ್ಣನ್ನು ಎಳೆಯಬಹುದು, ರಕ್ತ ಹರಿಯದೆ ಸಾಯಬಹುದು, ಕೀವು ತುಂಬಬಹುದು, ಹೊಲಿದ ಜಾಗ ಜೋಮು ಹಿಡಿದಂತೆಯೇ ಉಳಿಯಬಹುದು.

ಮೈಸೂರಿನವರಿಗೆ ಇನ್ನೊಂದು ಪಠ್ಯವೂ ಹತ್ತಿರದ್ದು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಒಂದು ಪತ್ರವನ್ನೂ ಚಿತ್ರವನ್ನೂ ಅಚ್ಚುಹಾಕಿತು. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಮರಾಠಿಗ ಕಾವಸ್‌ಜಿ, 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಎಂದು ಪತ್ರ ಹೇಳುತ್ತದೆ. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕಟ್ಟಿದ. ಆಧುನಿಕ ಪ್ಲಾಸ್ಟಿಕ್ ಸರ್ಜರಿಗೆ ಯುರೋಪಿನಲ್ಲಿ ದಾರಿ ತೆರೆದ ಬರಹವಿದು. ಹಣೆಯ ಕಲೆಯನ್ನು ಪತ್ರ ಮುಚ್ಚಿಡುವುದಿಲ್ಲ. ಕಾಲ ಕಳೆದಂತೆ ಅದು ಅಷ್ಟಾಗಿ ಕಾಣದು ಎನ್ನುತ್ತದೆ. ಆದರೆ ಕಾವಸ್‌ಜಿಯ ಒಂದು ಮಾತೂ ಅಲ್ಲಿಲ್ಲ. ನೋವು ಎಷ್ಟಿತ್ತು, ಕನ್ನಡಿಯಲ್ಲಿ ಕಂಡವನು ಯಾರು ಎಂದು ಯಾರೂ ಅವನನ್ನು ಕೇಳಲಿಲ್ಲ.

ಇವತ್ತಿನ ‘ಮೊದಲು–ನಂತರ’ದ ಜಾಹೀರಾತಿನಲ್ಲಿ ಆ ಕಲೆಯೂ ಇರುವುದಿಲ್ಲ. ಅದು ಬೇತಾಳನ ಕತೆಯಂತೆ, ಉತ್ತರ ಸಿಕ್ಕಲ್ಲಿಗೆ ನಿಲ್ಲುತ್ತದೆ. 2022ರ ಮೇ 16ರಂದು ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡರು. ವಯಸ್ಸು 21. ಕೊಬ್ಬಿನ ಕಣ ಅಥವಾ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರುವುದು, ಅರಿವಳಿಕೆಯ ಏರುಪೇರು, ದ್ರವದ ಹೊಂದಾಣಿಕೆ ತಪ್ಪುವುದು ಇಂಥ ಚಿಕಿತ್ಸೆಯ ಗೊತ್ತಿರುವ ಅಪಾಯಗಳು. ಅವು ಅಪರೂಪ ಎನ್ನುವುದು ನಿಜ. ಆದರೆ ಸಹಿ ಹಾಕುವ ಮುನ್ನ ಅವನ್ನು ಕನ್ನಡದಲ್ಲಿ, ಅರ್ಥವಾಗುವಂತೆ, ನಿಧಾನವಾಗಿ ಹೇಳದಿದ್ದರೆ ಆ ಸಹಿಗೆ ಬೆಲೆಯಿಲ್ಲ. ಪದ್ಮಿನಿಗೆ ವರ ಕೊಟ್ಟ ಕಾಳಿಯೂ ನಿದ್ದೆಗಣ್ಣಿನಲ್ಲಿದ್ದಳು, ಏನನ್ನೂ ವಿವರಿಸಲಿಲ್ಲ.

ಇಷ್ಟು ಹೇಳಿಯೂ ನಾಟಕದ ಬಗ್ಗೆ ನನಗೊಂದು ತಕರಾರು ಉಳಿಯುತ್ತದೆ. ಕಾರ್ನಾಡರು ತೊಡಕಿಗೆ ಸಾವನ್ನೇ ಪರಿಹಾರವಾಗಿಸುತ್ತಾರೆ. ಗೆಳೆಯರು ಇರಿದುಕೊಳ್ಳುತ್ತಾರೆ, ಪದ್ಮಿನಿ ಚಿತೆಯೇರುತ್ತಾಳೆ. ಹಯವದನ ಪೂರ್ಣ ಕುದುರೆಯಾಗುವುದೂ ಮನುಷ್ಯರ ದನಿ ಕಳೆದುಕೊಂಡ ಮೇಲೆಯೇ. ಕಲೆಯನ್ನು ಇಟ್ಟುಕೊಂಡೇ ಬದುಕುವವರಿಗೆ ಈ ರಂಗದಲ್ಲಿ ಜಾಗವಿಲ್ಲ. ನಮ್ಮ ಹುಡುಗಿ ಆ ಕೈಯಲ್ಲೇ ಪುಸ್ತಕ ಹಿಡಿದಿದ್ದಳು. ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಅವಳು ಅದನ್ನು ದೂರುತ್ತಿಲ್ಲ. ಲೆಕ್ಕ ಪೂರ್ತಿ ಬರೆಯಿರಿ ಎನ್ನುತ್ತಿದ್ದಾಳೆ, ಅಷ್ಟೆ.

ಮುಂದಿನ ಭಾನುವಾರ ಎರಡನೆಯ ಅಂಕ ಓದಿದೆವು. ಕಪಿಲನ ಮಾತುಗಳನ್ನು ತಾನೇ ಓದುತ್ತೇನೆಂದು ಅವಳು ಕೇಳಿ ಪಡೆದಳು.