ಗೆರೆಯ ಮೇಲಿನ ಸಣ್ಣ ಗೀಟು

ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1985ರಲ್ಲಿ ಬರೆದ ‘ದ ಮೀಡಿಯನ್ ಈಸಂಟ್ ದ ಮೆಸೇಜ್’ ಪ್ರಬಂಧವನ್ನು ನಾನು ಎಷ್ಟೋ ಜನರಿಗೆ ಓದಿಸಿದ್ದೀನಿ. 1982ರಲ್ಲಿ ಅವರಿಗೆ ಹೊಟ್ಟೆಯ ಪೊರೆಯ ಕ್ಯಾನ್ಸರ್ ಪತ್ತೆಯಾಯ್ತು. ಈ ರೋಗಿಗಳು ಬದುಕುವ ಅವಧಿಯ ಮೀಡಿಯನ್ ಎಂಟು ತಿಂಗಳು ಅಂತ ಓದಿ ಬೆಚ್ಚಿದರು. ಆಮೇಲೆ ಯೋಚಿಸಿದರು: ಅರ್ಧ ಜನ ಎಂಟು ತಿಂಗಳು ದಾಟುತ್ತಾರೆ, ಕೆಲವರು ವರ್ಷಗಟ್ಟಲೆ ಬದುಕುತ್ತಾರೆ. ಗ್ರಾಫಿನ ಆ ಉದ್ದ ಬಾಲದಲ್ಲಿ ನಾನೂ ಇರಬಹುದಲ್ಲ! ಇದ್ದರು ಕೂಡ. 2002ರಲ್ಲಿ ತೀರಿಕೊಂಡದ್ದು ಬೇರೆ ಕ್ಯಾನ್ಸರಿನಿಂದ.

ಒಳ್ಳೆ ಪ್ರಬಂಧ. ತಮಗೆ ಉತ್ತಮ ಚಿಕಿತ್ಸೆ ಸಿಕ್ಕಿದ್ದನ್ನೂ ಅವರು ಮುಚ್ಚಿಟ್ಟಿಲ್ಲ. ಆದರೆ ಸತ್ತವರನ್ನೆಲ್ಲ ಯಾರೋ ಸರಿಯಾಗಿ ಎಣಿಸಿದ್ದಾರೆ ಅಂತ ನಂಬಿಯೇ ಅವರ ವಾದ ಹೊರಡುತ್ತದೆ. ನನಗೆ ಅಲ್ಲೇ ದೊಡ್ಡವ್ವ ನೆನಪಾಗೋದು.

ದೇವದುರ್ಗ ತಾಲೂಕಿನ ಹಳ್ಳಿಯವಳು. ಗರ್ಭಕಂಠದ ಕ್ಯಾನ್ಸರ್. ಬೆಂಗಳೂರಲ್ಲಿ ಕರೆಂಟ್ ಕೊಡಿಸಿದ್ವಿ. ಮೂರು ತಿಂಗಳಿಗೊಮ್ಮೆ ತೋರಿಸಬೇಕಿತ್ತು. ರಾಯಚೂರಿನ ತನಕ ಬಸ್ಸು, ಅಲ್ಲಿಂದ ರಾತ್ರಿ ರೈಲು. ಎರಡು ಸಲ ಬಂದಳು. ಮೂರನೇ ಸಲ “ಹತ್ತಿ ಬಿಡಿಸಾದು ಮುಗೀಲಿ ತಮ್ಮಾ, ಆಮ್ಯಾಲೆ ಬರ್ತೀನಿ” ಅಂದಳು. ಹತ್ತಿ ಮುಗೀತು, ಬರಲಿಲ್ಲ. ಫೈಲಿನಲ್ಲಿ ಬರೆಸಿದ್ದು ಮಾನ್ವಿಯ ಅಳಿಯನ ನಂಬರು, ಅವನು ಸಿಮ್ ಬದಲಿಸಿದ್ದ. ದೊಡ್ಡವ್ವ ಊರಲ್ಲೇ ಹೋದಳು. ಆಸ್ಪತ್ರೆಗೆ ತಿಳಿಸಬೇಕು ಅಂತ ಯಾರಿಗೂ, ಡೇಟಾ ನಂಬಿ ಅನ್ನ ಉಣ್ಣೋ ನನಗೂ, ಹೊಳೀಲಿಲ್ಲ.

ಇಂಥ ಲೆಕ್ಕಗಳಿಗೆ ಹೆಚ್ಚಾಗಿ ಬಳಸೋದು ಕಪ್ಲಾನ್ ಮತ್ತು ಮೇಯರ್ 1958ರಲ್ಲಿ ಕೊಟ್ಟ ವಿಧಾನ. ಸಾವು ವರದಿಯಾದಾಗ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ಸುದ್ದಿಯೇ ಇಲ್ಲದವರಿಗಾಗಿ ಇಳಿಯೋದಿಲ್ಲ, ಗೆರೆಯ ಮೇಲೆ ಸಣ್ಣ ಗೀಟು ಅಷ್ಟೆ. ಕಾಣೆಯಾದವರ ಗತಿಯೂ ಉಳಿದವರಂತೆಯೇ ಅಂತ ಈ ವಿಧಾನ ಹಿಡಿದುಕೊಳ್ಳುತ್ತದೆ. ಹತ್ತಿ ಹೊಲ, ರೈಲು ಚಾರ್ಜು ಕಂಡವರು ಇದನ್ನು ಹೇಗೆ ಒಪ್ಪೋದು? ನಲ್ ಬೇರೆ, ಸೊನ್ನೆ ಬೇರೆ ಅಂತ ಜೂನಿಯರ್‌ಗಳಿಗೆ ನಾನೇ ಪಾಠ ಮಾಡ್ತೀನಿ. ಸತ್ತವರು ನಲ್ ಆಗಿ ಕೂತರೆ ಗೌಲ್ಡರ ಉದ್ದ ಬಾಲ ಇರೋದಕ್ಕಿಂತ ಉದ್ದ ಕಾಣಬಹುದು.

ಸಂಶೋಧಕರಿಗೆ ಇದು ಗೊತ್ತಿದೆ. ಗೌಲ್ಡರಿಗೆ ರೋಗ ಪತ್ತೆಯಾದ 1982ರಲ್ಲೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಜನಸಮುದಾಯದ ಕ್ಯಾನ್ಸರ್ ನೋಂದಣಿ ಶುರುವಾಯ್ತು. ಅಲ್ಲಿನ ಅಧ್ಯಯನಕ್ಕಾಗಿ ರೋಗಿಗಳ ಮನೆಗೇ ಹೋಗಿ ವಿಚಾರಿಸಿದ್ದೂ ಉಂಟು. ಆದರೆ ಆ ನೋಂದಣಿ ಬೆಂಗಳೂರಿನ ನಿವಾಸಿಗಳದ್ದು. ದೇವದುರ್ಗದಿಂದ ಬಂದು ಹೋದವಳಿಗೆ ಅದರಲ್ಲಿ ಸಾಲು ಇಲ್ಲ.

ಮೊನ್ನೆ ಆಫೀಸಿನ ಹ್ಯಾಕಥಾನ್‌ನಲ್ಲಿ ಒಂದು ತಂಡ, ಕ್ಯಾನ್ಸರ್ ರೋಗಿ ಎಷ್ಟು ದಿನ ಬದುಕ್ತಾರೆ ಅಂತ ಊಹಿಸೋ ಮಾಡೆಲ್ ತೋರಿಸಿತು. ಫಾಲೋಅಪ್ ಖಾಲಿ ಇದ್ದ ಸಾಲುಗಳನ್ನ ಏನ್ಮಾಡಿದ್ರಿ ಅಂತ ಕೇಳಿದೆ.

“ಡ್ರಾಪ್ ಮಾಡಿದ್ವಿ ಸರ್.”