ಆಪರೇಷನ್ ಆದ ಮೇಲಿನ ಮೂಗು

‘ಮೂಗಿನ್ಯಾಗ ಮಾಂಸ ಬೆಳದದ’ ಎಂದರೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ಔಷಧಿ ಹಚ್ಚಿಸಿ ಸುಡಿಸು, ಇಲ್ಲವೇ ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಿ ಆಪರೇಷನ್ ಮಾಡಿಸು. ಎರಡೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಮಾಂಸ ಹೋದರೆ ರೋಗ ಹೋಯಿತು. ನನ್ನ ತಕರಾರು ಈ ನಂಬಿಕೆಯ ಜೊತೆಗೇ.

ಮೂಗಿನೊಳಗೆ ಕಂಡದ್ದೆಲ್ಲ ದುರ್ಮಾಂಸವಲ್ಲ. ಅಲರ್ಜಿಯಿಂದ ಊದಿಕೊಂಡ ಸಹಜ ಮಡಿಕೆಯನ್ನೇ ದುರ್ಮಾಂಸ ಎಂದು ಸುಟ್ಟವರಿದ್ದಾರೆ. ಮಡಿಕೆ ಮುಟ್ಟಿದರೆ ನೋಯುತ್ತದೆ. ನಿಜವಾದ ದುರ್ಮಾಂಸ, ಅಂದರೆ ಪಾಲಿಪ್, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಬಿಳಿಚಿಕೊಂಡಿರುತ್ತದೆ, ಮುಟ್ಟಿದರೂ ಗೊತ್ತಾಗುವುದಿಲ್ಲ. ಒಂದೇ ಹೊಳ್ಳೆಯಲ್ಲಿದ್ದು ರಕ್ತ ಸೋರುತ್ತಿದ್ದರೆ ಗಡ್ಡೆಯೋ, ಕೆರೆಯ ನೀರಿನಿಂದ ತಗಲುವ ರೈನೋಸ್ಪೊರಿಡಿಯೋಸಿಸ್ ಎಂಬ ಸೋಂಕೋ ಇರಬಹುದು. ದುರ್ಬೀನು ಹಾಕಿ ನೋಡದೆ, ಬೇಕಾದಲ್ಲಿ ತುಣುಕು ತೆಗೆದು ಪರೀಕ್ಷಿಸದೆ ಕೈ ಹಚ್ಚಬಾರದು. ಸುಶ್ರುತ ಸಂಹಿತೆಯಲ್ಲೂ ನಾಸಾರ್ಶದ, ಅಂದರೆ ಮೂಗಿನ ದುರ್ಮಾಂಸದ, ಮಾತಿದೆ, ನಿಜ. ಅದರ ಹೆಸರು ಹೇಳಿ ಕಾಣದ ಜಾಗಕ್ಕೆ ಕ್ಷಾರ ಸುರಿದರೆ ಉಳಿಯುವುದು ಸುಟ್ಟ ಗಾಯ, ಅಂಟಿಕೊಂಡ ಗೋಡೆಗಳು.

ಎರಡೂ ಕಡೆಯ ಪಾಲಿಪ್‌ಗೆ ಮೊದಲ ಔಷಧಿ ಸ್ಟೀರಾಯ್ಡ್ ಸ್ಪ್ರೇ, ಜೊತೆಗೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಕುದಿಸಿ ಆರಿಸಿದ ನೀರೇ ಆಗಬೇಕು. ಜನ ಸೋಲುವುದು ಈ ಸಪ್ಪೆ ಚಿಕಿತ್ಸೆಯಲ್ಲಿ. ದಿನಕ್ಕೆ ಹೊಳ್ಳೆಗೆರಡು ಸಲ ಒತ್ತಿದರೆ 120 ಡೋಸಿನ ಬಾಟಲಿ 30 ದಿನಕ್ಕೆ ಖಾಲಿ. ಪರಿಣಾಮ ಕಾಣಲು ವಾರಗಳು ಬೇಕು. ಅಷ್ಟರಲ್ಲಿ ‘ಏನೂ ಆಗಲಿಲ್ಲ’ ಎಂದು ಬಿಟ್ಟು, ಮೆಡಿಕಲ್ ಅಂಗಡಿಯ ಮೂಗು ತೆರೆಸುವ ಡ್ರಾಪ್ಸ್ ಕೊಳ್ಳುತ್ತಾರೆ. ಐದಾರು ದಿನ ದಾಟಿದರೆ ಆ ಡ್ರಾಪ್ಸೇ ಮೂಗು ಕಟ್ಟಿಸುತ್ತದೆ. ಸ್ಪ್ರೇ ಹೊಡೆಯುವ ರೀತಿಯನ್ನೂ ಯಾರೂ ತೋರಿಸಿಕೊಡುವುದಿಲ್ಲ: ಎಡ ಹೊಳ್ಳೆಗೆ ಬಲಗೈ, ತುದಿ ಕಿವಿಯ ಕಡೆಗೆ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಸ್ಟೀರಾಯ್ಡ್ ಗುಳಿಗೆ ಬೇಗ ಕೆಲಸ ಮಾಡುತ್ತದೆ. ಆದರೆ ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಂಡರೆ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ.

1980ರ ದಶಕದಲ್ಲಿ ಜಗತ್ತಿಗೆಲ್ಲ ಹಬ್ಬಿದ ದುರ್ಬೀನಿನ ಶಸ್ತ್ರಚಿಕಿತ್ಸೆಯನ್ನು ನಾನು ಹೊಗಳುತ್ತೇನೆ. ಹೊರಗೆ ಗಾಯವಿಲ್ಲ, ವಾಸನೆ ಮರಳುವ ಸಾಧ್ಯತೆಯುಂಟು. ಆದರೆ ಅದು ಸೈನಸ್ಸಿನ ಬಾಗಿಲು ತೆರೆಯುತ್ತದೆ, ಪಾಲಿಪ್ ಬೆಳೆಸುವ ಉರಿಯೂತವನ್ನು ಅಳಿಸುವುದಿಲ್ಲ. ತೆರೆದ ಬಾಗಿಲಿನಿಂದ ಸ್ಪ್ರೇ ಒಳಗೆ ಹೋಗಬೇಕು. ಹೋಗದಿದ್ದರೆ ಪಾಲಿಪ್ ಮರಳುತ್ತದೆ. ದಮ್ಮು ಇದ್ದವರಲ್ಲಿ, ಆಸ್ಪಿರಿನ್ ಆಗದವರಲ್ಲಿ ಇದು ಇನ್ನೂ ಹೆಚ್ಚು. 2019ರಲ್ಲಿ ಅಮೆರಿಕ ಪಾಲಿಪ್‌ಗೆ ಒಪ್ಪಿದ ಡ್ಯುಪಿಲುಮ್ಯಾಬ್ ಇಂಜೆಕ್ಷನ್ ಇಂಥವರಿಗೆ ವರವೇ. ಎರಡು ವಾರಕ್ಕೊಂದು ಚುಚ್ಚಬೇಕು, ಬೆಲೆ ಕೇಳಿದರೆ ಹತ್ತಿ ಬೆಳೆಗಾರ ಎದ್ದು ಹೋಗುತ್ತಾನೆ.

ಹೀಗಾಗಿ ಒಳ್ಳೆಯ ಚಿಕಿತ್ಸೆಯ ಅಳತೆ ಆಪರೇಷನ್ ದಿನವಲ್ಲ, ಅದರ ನಂತರದ ತಿಂಗಳುಗಳು. ದೂರದ ಊರಲ್ಲಿ ಕೊಯ್ಯಿಸಿಕೊಂಡು ಬಂದ ಸುರಪುರದವನು, ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಲೆಕ್ಕ ಹಾಕಿ, ಎರಡನೇ ಭೇಟಿಯನ್ನೇ ಬಿಡುತ್ತಾನೆ. ಹಕ್ಕಳೆ ತೆಗೆದು ಒಳಗೆ ನೋಡುವ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಯಾದಗಿರಿಯಲ್ಲೇ ಈಗ ಸರಕಾರಿ ವೈದ್ಯಕೀಯ ಕಾಲೇಜಿದೆ. ಕೊಯ್ದ ವೈದ್ಯರು ಡಿಸ್ಚಾರ್ಜ್ ಚೀಟಿಯಲ್ಲಿ ಸ್ಪ್ರೇಯ ಹೆಸರು, ಎಷ್ಟು ತಿಂಗಳು, ಊರ ಹತ್ತಿರ ಎಲ್ಲಿ ತೋರಿಸಬೇಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಸಾಕು.